ಎಡಕ್ಕೆ ಸರಿದು ನಿಂತ ಹಾಡು

"ನನ್ನ ಪೆಟ್ಟಿಗೆ ಎಡಕ್ಕೆ ವಾಲುತ್ತೆ ಅಂತ ಬರೆದಿದ್ದು ನೀವೇನಾ?"

ಮರ್ಜಾನ್ ಇನ್ನೂ ಕೋಟಿನ ಗುಂಡಿ ಕೂಡ ಬಿಚ್ಚಿರಲಿಲ್ಲ. ಚಹಾ ಅಂಗಡಿಯ ಮೆಟ್ಟಿಲು ಹತ್ತಿ ಬಂದ ಏದುಸಿರು ಹಾಗೇ ಇತ್ತು. ಎದುರಿಗೆ ನಿಂತವನ ಕಣ್ಣಲ್ಲಿ ಕೋಪವಿತ್ತು. ಕೋಪಕ್ಕಿಂತ ಹೆಚ್ಚಾಗಿ ನಿದ್ದೆಗೆಟ್ಟ ಕೆಂಪಿತ್ತು.

'ಓಹ್... ಇವನೇನಾ ಆ ದೌರೆನ್!'

"ಹೌದು, ನಾನೇ," ಅಂದಳು. "ಮೊದಲು ನಮಸ್ಕಾರ ಹೇಳೋ ಪದ್ಧತಿ ನಿಮ್ಮ ಮನೇಲಿ ಇಲ್ವಾ?"

ಸುತ್ತ ಕೂತಿದ್ದವರು ಗೊಳ್ಳೆಂದರು. ದೌರೆನ್ ತಬ್ಬಿಬ್ಬಾದ.

ಕಜಕ್ ನಾಡಿನ ಅಲ್ಮಾಟಿ ನಗರದ ಈ ಕೇಳುಗರ ಬಳಗದ್ದು ಒಂದು ವಿಚಿತ್ರ ಸಂಸಾರ. ವಾರವಿಡೀ ದುಡಿದು ಹಣ್ಣಾದ ಜನ ಭಾನುವಾರ ಹೆಂಡತಿ ಮಕ್ಕಳ ಕಣ್ಣು ತಪ್ಪಿಸಿ ಇಲ್ಲಿಗೆ ಬರುತ್ತಾರೆ. ತಲೆಗೆ ಹೆಡ್‌ಫೋನ್ ಏರಿಸಿಕೊಂಡು, ಒಬ್ಬರ ಮಾತು ಒಬ್ಬರಿಗೆ ಕೇಳದಂತೆ ಕೂತು, ಸಂಜೆ ಎದ್ದು ಹೋಗುತ್ತಾರೆ. ಇದಕ್ಕೆ ಅವರು ಸ್ನೇಹ ಅನ್ನುತ್ತಾರೆ!

ಹೊಸದಾಗಿ ಯಾವ ಆಂಪ್ಲಿಫೈಯರ್ ಬಂದರೂ ಅದು ಬಳಗದ ಮನೆಯಿಂದ ಮನೆಗೆ ಸುತ್ತಬೇಕು. ಒಬ್ಬೊಬ್ಬರೂ ಕೆಲವು ದಿನ ಇಟ್ಟುಕೊಂಡು ಕೇಳಬೇಕು, ಕಿವಿಗೆ ಏನನ್ನಿಸಿತೋ ಅದನ್ನು ಬಳಗದ ಫೋನ್ ಗುಂಪಿನಲ್ಲಿ ಬರೆಯಬೇಕು. ಹೊಗಳಿದವರನ್ನು ಯಾರೂ ಏನೂ ಕೇಳುವುದಿಲ್ಲ. ತಪ್ಪು ಹಿಡಿದವರು ಮಾತ್ರ ಭಾನುವಾರ ಬಂದು ಎಲ್ಲರ ಎದುರು ಕೇಳಿ ತೋರಿಸಬೇಕು.

ಈ ಸಲದ್ದು ದೌರೆನ್ ಕೈಯಾರೆ ಮಾಡಿದ ಪೆಟ್ಟಿಗೆ. ಮೇಜಿನ ಮೂಲೆಯಲ್ಲಿ, ಚಹಾ ಕೆಟಲ್‌ ಪಕ್ಕ ಹಿಡಿಸುವಷ್ಟು ಪುಟ್ಟ ಆಂಪ್, ಹೆಡ್‌ಫೋನ್ ಸಿಕ್ಕಿಸಿ ಕೇಳುವ ಯಂತ್ರ. ಬೆಲೆ ಒಂದು ಕುರಿಗಿಂತ ಕಡಿಮೆ. ದುಬಾರಿ ಯಂತ್ರ ಕೊಳ್ಳಲಾಗದವರೂ ಒಂದು ಹಾಡನ್ನು ಸರಿಯಾಗಿ ಕೇಳಲಿ ಅನ್ನುವುದು ಅವನ ಹುಚ್ಚು. ಹಗಲು ಲಿಫ್ಟ್ ರಿಪೇರಿ ಕೆಲಸ, ಸಂಜೆ ಈ ಹುಚ್ಚು.

ಮರ್ಜಾನ್ ಬರೆದಿದ್ದು ಇಷ್ಟು:

"ಕೆಲಸ ಮುಗಿಸಿ ಬಂದವರು ಬೂಟು ಕಳಚಿ ಕಾಲು ಚಾಚಿದಾಗ ಆಗುತ್ತಲ್ಲ, ಈ ಪೆಟ್ಟಿಗೆಯ ದನಿ ಹಾಗಿದೆ. ದೊಂಬ್ರಾ ವಾದ್ಯದ ತಂತಿ ಹೊಳೆಯುತ್ತೆ, ಚುಚ್ಚಲ್ಲ. ತಗ್ಗಿನ ಸ್ವರ ತುಂಬಿಕೊಂಡಿದೆ, ಆದರೆ ಎದೆ ಗುದ್ದಲ್ಲ. ಹಾಡುವವಳು ನಡುನಡುವೆ ಉಸಿರು ಎಳೆದುಕೊಳ್ಳೋದೂ ಕೇಳುತ್ತೆ. ಒಂದೇ ಬೇಸರ... ಅವಳು ಮಧ್ಯದಲ್ಲಿ ನಿಲ್ಲಲ್ಲ. ಯಾರಿಗೋ ಜಾಗ ಬಿಡೋ ಥರ ಎಡಕ್ಕೆ ಸರಿದು ನಿಲ್ತಾಳೆ."

ಮೊದಲಿನ ಹೊಗಳಿಕೆಯೆಲ್ಲ ದೌರೆನ್ ಕಣ್ಣಿಗೆ ಬೀಳಲೇ ಇಲ್ಲ. ಕೊನೆಯ ಮಾತು ಮಾತ್ರ ನಾಟಿತು.

"ಕೂತ್ಕೊಳ್ಳಮ್ಮ," ಅಂದರು ಬಳಗದ ಹಿರಿಯ ಸಾಬಿತ್, ಬಿಸಿ ಚಹಾದ ಬಟ್ಟಲು ಅವಳತ್ತ ತಳ್ಳುತ್ತ. "ಹುಡುಗ ಅಳತೆ ಮಾಡೋ ಯಂತ್ರಾನೂ ಹೊತ್ಕೊಂಡು ಬಂದಿದಾನೆ. ಎಡ ಬಲ ಎರಡೂ ಸಮ ಅಂತ ತೋರಿಸ್ತಿದೆ. ಈಗ ನಿನ್ನ ಕಿವಿ ಏನು ಹೇಳುತ್ತೋ ನೋಡೋಣ."

"ನಾನು ಕೇಳಿದ್ದು ನನ್ನ ಇಯರ್‌ಫೋನಲ್ಲಿ. ನಾನು ಕೆಲಸ ಮಾಡೋ ಸ್ಟುಡಿಯೋದವರು ನನ್ನ ಕಿವಿ ಅಚ್ಚು ತೆಗೆಸಿ ಮಾಡಿಸಿ ಕೊಟ್ಟಿದ್ದು. ಅದು ಮನೇಲಿ..."

"ಅದೆಲ್ಲ ಇಲ್ಲಿ ನಡೆಯಲ್ಲ," ಅಂದರು ಸಾಬಿತ್. "ಎಲ್ಲರಿಗೂ ಒಂದೇ ಹೆಡ್‌ಫೋನು. ಆಮೇಲೆ ಹೆಡ್‌ಫೋನಿನ ಮೇಲೆ ಗೂಬೆ ಕೂರಿಸೋ ಹಾಗಿಲ್ಲ!"

ದೌರೆನ್ ತನ್ನ ಭಾರದ ಹೆಡ್‌ಫೋನನ್ನು ಅವಳ ಮುಂದಿಟ್ಟ. ವಾಲ್ಯೂಮ್ ನಾಬನ್ನು ಅರ್ಧಕ್ಕೂ ಮೇಲೆ ತಿರುಗಿಸಿದ. ಮರ್ಜಾನ್ ಕಣ್ಣು ಮುಚ್ಚಿದಳು.

ಹಾಡುವವಳು ಹಣೆಗೆ ನೇರವಾಗಿ, ನಟ್ಟ ನಡುವೆ ನಿಂತಿದ್ದಳು!

ಇನ್ನೊಂದು ಹಾಡು. ಮತ್ತೊಂದು. ಎಲ್ಲೂ ಕೂದಲೆಳೆಯಷ್ಟೂ ವಾಲಲಿಲ್ಲ.

"ಏನಂತೀರಿ?" ಅಂದ ದೌರೆನ್.

"ಇಲ್ಲಿ... ಇಲ್ಲಿ ಸರಿಯಾಗೇ ಇದೆ," ಅಂದಳು ಮೆಲ್ಲಗೆ.

"ಪೆಟ್ಟಿಗೆ ನೆಟ್ಟಗೇ ಇದೆ. ವಾಲಿರೋದು ಬೇರೆಲ್ಲೋ!"

ಎಲ್ಲರೂ ನಕ್ಕರು. ಮರ್ಜಾನ್ ಮುಖದಲ್ಲಿ ಮಾತ್ರ ರಕ್ತವೇ ಇರಲಿಲ್ಲ.

ಪಾಪ, ಅವನಿಗೇನು ಗೊತ್ತು! ಮರ್ಜಾನ್‌ಗೆ ಕಿವಿಯೇ ಅನ್ನ. ಧಾರಾವಾಹಿಗಳಿಗೆ ಕಜಕ್ ಮಾತು ಕೂರಿಸುವ ಸ್ಟುಡಿಯೋದಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತು, ಯಾವ ಮಾತು ಸರಿ, ಯಾವ ಅಳು ಸುಳ್ಳು ಅಂತ ಕೇಳಿ ಹೇಳುವುದು ಅವಳ ಕೆಲಸ. ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದ ರೌಶನ್‌ಗೂ ಶುರುವಾಗಿದ್ದು ಹೀಗೇ. "ಸಂಜೆ ಆದ್ರೆ ಬಲಗಿವಿ ಯಾಕೋ ಸುಸ್ತಾಗುತ್ತೆ ಕಣೆ," ಅನ್ನುತ್ತಿದ್ದಳು. ಎರಡು ಚಳಿಗಾಲ ಕಳೆಯುವುದರಲ್ಲಿ ಆ ಕಿವಿ ಮುಚ್ಚಿಹೋಯಿತು.

'ಇಲ್ಲಿ, ಹಗಲಲ್ಲಿ, ಸರಿಯಾಗಿ ಕೇಳುತ್ತೆ. ಮನೇಲಿ, ಸಂಜೆ, ಕೆಲಸ ಮುಗಿಸಿ ಬಂದಮೇಲೆ ಎಡಕ್ಕೆ ವಾಲುತ್ತೆ. ಅಂದ್ರೆ... ನನ್ನ ಬಲಗಿವೀನಾ?'

ಅವಳು ಚಹಾ ಮುಟ್ಟದೆ ಎದ್ದು ಹೊರಟಳು.

ಬಸ್ ನಿಲ್ದಾಣದ ಹತ್ತಿರ ಹಿಂದಿನಿಂದ ಯಾರೋ ಓಡಿಬಂದ ಸದ್ದಾಯಿತು. ದೌರೆನ್. ಮೈಮೇಲೆ ಕೋಟಿಲ್ಲ, ಕೈಯಲ್ಲಿ ಕರಿದ ಹಿಟ್ಟಿನುಂಡೆಗಳ, ಎಣ್ಣೆ ಸೋರುವ ಕಾಗದದ ಪೊಟ್ಟಣ.

"ಬೌರ್ಸಾಕ್... ಬಿಸಿ ಇದೆ. ತಗೊಳ್ಳಿ," ಅಂದ ಏದುಸಿರಿನಲ್ಲಿ. "ಅಷ್ಟು ಜನರ ಮುಂದೆ ಹಾಗೆ ಅನ್ನಬಾರದಿತ್ತು. ನಾಲಿಗೆ ಜಾರಿತು. ತಿನ್ನದಿದ್ರೂ ಪರವಾಗಿಲ್ಲ, ಕೈಯಾದ್ರೂ ಕಾಯಿಸಿಕೊಳ್ಳಿ."

ಅಳುವಂತಿದ್ದವಳಿಗೆ ನಗು ಬಂತು. ಇವನ ಹಲ್ಲು ಚಳಿಗೆ ಕಟಕಟ ಅನ್ನುತ್ತಿದೆ, ಇವಳ ಕೈ ಕಾಯಿಸಲು ಬಂದಿದ್ದಾನೆ!

"ನೀವೇ ನಡುಗ್ತಾ ಇದೀರಲ್ಲ!"

"ನಾನಾ? ಇಲ್ಲಪ್ಪ, ನನಗೆ ಸೆಕೆ!"

ಅಲ್ಲಿಂದ ಶುರುವಾಯಿತು ನೋಡಿ...

ಅವಳು ಬರೆದಿದ್ದನ್ನು ದೌರೆನ್ ಮನೆಗೆ ಹೋಗಿ ಮತ್ತೆ ಓದಿದ. ಈ ಸಲ ಮೊದಲಿಂದ. ಬೂಟು ಕಳಚಿ ಕಾಲು ಚಾಚಿದ ಮಾತಿಗೆ ಬಂದಾಗ ಅದನ್ನೇ ಇನ್ನೊಮ್ಮೆ ಓದಿದ. ತಾನು ಮಾಡಬೇಕು ಅಂದುಕೊಂಡಿದ್ದು ಇದೇ, ಆದರೆ ಹೇಳಲು ಬಂದಿರಲಿಲ್ಲ. ತನಗೇ ತಿಳಿಯದ್ದನ್ನು ಇವಳು ಹೇಗೆ ಕೇಳಿಸಿಕೊಂಡಳು?

ಸ್ಟುಡಿಯೋ ಬಾಗಿಲಲ್ಲಿ ಕಾಯತೊಡಗಿದ. ಹೆಚ್ಚು ಮಾತಾಡುತ್ತಿರಲಿಲ್ಲ. ದಿನವಿಡೀ ಬೇರೆಯವರ ಮಾತು ಕೇಳಿ ಸೋತು ಬಂದವಳ ಪಕ್ಕ ಸುಮ್ಮನೆ ನಡೆಯುತ್ತಿದ್ದ. ಆ ಸುಮ್ಮನಿರುವಿಕೆಗೇ ಮರ್ಜಾನ್ ಸೋತಳು. ಚಳಿ ಕರಗಿ ಬೀದಿಬದಿಯ ಕಾಲುವೆಯಲ್ಲಿ ನೀರು ಹರಿಯುವ ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು. ಒಂದು ಪುಟ್ಟ ಪೆಟ್ಟಿಗೆಯನ್ನೂ ಅವಳಿಗೆಂದೇ ಮಾಡಿ ಕೊಟ್ಟ.

"ಹೇಗಿದೆ? ನಿಜ ಹೇಳು."

"ತುಂಬಾ ಚೆನ್ನಾಗಿದೆ," ಅಂದಳು.

ಸುಳ್ಳು! ಆ ಪೆಟ್ಟಿಗೆಯಲ್ಲೂ ಹಾಡುವವಳು ಎಡಕ್ಕೇ ಸರಿದು ನಿಂತಿದ್ದಳು. ಪ್ರತಿ ಸಂಜೆ ಅಡುಗೆಮನೆಯಲ್ಲಿ ಕೂತು, ಇವತ್ತಾದರೂ ನಡುವೆ ಬರಬಹುದೇನೋ ಎಂದು ಕೇಳುತ್ತಿದ್ದಳು. ಬರುತ್ತಿರಲಿಲ್ಲ. ವೈದ್ಯರ ಹತ್ತಿರ ಹೋಗಲು ಧೈರ್ಯ ಸಾಲದು. ಅವರು ಹೌದು ಅಂದುಬಿಟ್ಟರೆ? ಕುರ್ಚಿ ಹೋದರೆ, ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವುದು ಹೇಗೆ?

ಹೀಗಿರುವಾಗ ಒಂದು ಸಂಜೆ ದೌರೆನ್ ದಾರಿಯಲ್ಲೇ ನಿಂತ.

"ಅಮ್ಮ ಓಲೆ ತೆಗೆದಿಟ್ಟಿದಾಳೆ, ಮರ್ಜಾನ್."

ಅವರ ಕಡೆ ಹೀಗೊಂದು ಪದ್ಧತಿ. ಹುಡುಗನ ತಾಯಿ ಬಂದು ಹುಡುಗಿಯ ಕಿವಿಗೆ ಓಲೆ ತೊಡಿಸಿದರೆ ಮುಗಿಯಿತು, ಮಾತು ಗಟ್ಟಿಯಾದ ಹಾಗೆ. ಆಮೇಲೆ ಆ ಹುಡುಗಿ ಆ ಮನೆಯವಳೇ.

"ಅಜ್ಜಿಯ ಬೆಳ್ಳಿ ಓಲೆ. ನನ್ನ ಅಮ್ಮ ತೊಟ್ಟಿದ್ದೂ ಅದನ್ನೇ. ಬರೋ ಭಾನುವಾರ ಕರ್ಕೊಂಡು ಬರ್ಲಾ?"

ಹೂಂ ಅನ್ನಲು ಬಾಯಿ ತೆರೆದಳು. ಆದರೆ ಕೈ ತಾನಾಗಿ ಬಲಗಿವಿಗೆ ಹೋಯಿತು.

'ಕೇಳಿಸೋದನ್ನೇ ಬದುಕು ಮಾಡ್ಕೊಂಡವನು ಇವನು. ಇನ್ನೆರಡು ವರ್ಷಕ್ಕೆ ನಾನು ಕೆಪ್ಪಿಯಾದ್ರೆ? ಇವನು ಮಾಡಿದ್ದನ್ನ ಕೇಳೋಕಾಗದ ಹೆಂಡತಿ! ಆ ತಾಯಿ ತನ್ನ ಓಲೆಯನ್ನ ಎಂಥಾ ಕಿವಿಗೆ ತೊಡಿಸಿದೆ ಅಂತ ಅಳಲ್ವಾ?'

"ಯೋಚನೆ ಮಾಡಿ ಹೇಳ್ತೀನಿ," ಅಂದಳು. ಮರುದಿನ ಸಂದೇಶ ಕಳಿಸಿದಳು. "ಅಮ್ಮನ್ನ ಕರ್ಕೊಂಡು ಬರಬೇಡ ದೌರೆನ್. ನಾನು ಒಪ್ಪಲಾರೆ. ಕಾರಣ ಕೇಳಬೇಡ."

ಅದೇ ವಾರ ಸ್ಟುಡಿಯೋದ ಮುಖ್ಯಸ್ಥರ ಮುಂದೆ ನಿಂತು, ಕೇಳುವ ಕೆಲಸ ಸಾಕು, ವೇಳಾಪಟ್ಟಿ ನೋಡಿಕೊಳ್ಳುವ ಮೇಜಿಗೆ ಹಾಕಿ ಅಂದಳು. ಅವರು ಕಣ್ಣರಳಿಸಿದರು. "ನಿನ್ನಂಥ ಕಿವಿ ಈ ಊರಲ್ಲಿ ಇನ್ನೊಂದಿಲ್ಲ ಕಣಮ್ಮ! ತಿಂಗಳ ಕೊನೆವರೆಗೂ ಯೋಚನೆ ಮಾಡು." ಮರ್ಜಾನ್ ತಲೆ ತಗ್ಗಿಸಿ ಹೊರಬಂದಳು. ಅಳುವುದಕ್ಕೂ ಮೈಯಲ್ಲಿ ಶಕ್ತಿ ಇರಲಿಲ್ಲ.

ಇತ್ತ ದೌರೆನ್? ಊಟ ಬಿಟ್ಟ. ಒಂದೇ ಮಾತು ತಲೆಯೊಳಗೆ ಕೊರೆಯುತ್ತಿತ್ತು. 'ಅವತ್ತು ಎಲ್ಲರ ಮುಂದೆ ಅಂದ ಮಾತನ್ನ ಇವಳು ಮರೆತಿಲ್ಲ. ಬೌರ್ಸಾಕ್ ಕೊಟ್ರೆ ಆಗಿಹೋಯ್ತಾ?'

ಮಗನ ಅವಸ್ಥೆ ನೋಡಿ ತಾಯಿಯೇ ಗದರಿದಳು. "ಹುಡುಗಿ ಬೇಡ ಅಂದ್ರೆ ಬೇಡ. ಒತ್ತಾಯ ಮಾಡಿ ಹಕ್ಕಿ ಥರ ಪಂಜರಕ್ಕೆ ಹಾಕಕ್ಕಾಗಲ್ಲ. ಆದ್ರೆ ಯಾಕೆ ಅಂತ ಅವಳ ಬಾಯಿಂದಾನೇ ಕೇಳ್ಕೊಂಡು ಬಾ. ಸುಮ್ನೆ ನನ್ನ ಸೂಪು ತಣ್ಣಗೆ ಮಾಡ್ಬೇಡ!"

ಭಾನುವಾರ ಮಧ್ಯಾಹ್ನ ಮರ್ಜಾನ್ ಬಾಗಿಲು ತೆರೆದಾಗ ಅವನು ನಿಂತಿದ್ದ.

ಒಳಕೋಣೆಯಿಂದ, ಮರ್ಜಾನ್ 'ಆಜೆ' ಎಂದು ಕರೆಯುವ ಕುಲ್ಯಾಶ್ ಅಜ್ಜಿಯ ಸಣ್ಣ ದನಿ ಬಂತು. ಕಾಯಿಲೆ ಬಿದ್ದ ಮೇಲೆ ಆ ದನಿ ಉಸಿರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹರಿತ ಮಾತ್ರ ಕಡಿಮೆಯಾಗಿರಲಿಲ್ಲ.

"ಯಾರೇ ಅದು? ಕರೆಂಟಿನವನಾ, ಮದುವೆ ಆಗೋನಾ?"

"ಎರಡೂ ಅಲ್ಲ, ಆಜೆ! ನೀವು ಮಲಕ್ಕೊಳ್ಳಿ!"

"ಎರಡೂ ಅಲ್ಲದೋನಿಗೆ ಬಾಗಿಲು ಯಾಕೆ ತೆಗೆದೆ?"

ಬೇರೆ ದಿನವಾಗಿದ್ದರೆ ದೌರೆನ್ ನಗುತ್ತಿದ್ದ. ಅಡುಗೆಮನೆಯ ಮೇಜಿನ ಮುಂದೆ ಕೂತ. ಅವನ ಪುಟ್ಟ ಪೆಟ್ಟಿಗೆ ಅಲ್ಲೇ ಇತ್ತು, ದೀಪ ಉರಿಯುತ್ತಿತ್ತು, ಪಕ್ಕದಲ್ಲಿ ಅವಳ ಇಯರ್‌ಫೋನ್.

"ಇನ್ನೂ ಕೇಳ್ತಿದೀಯಾ? ವಾಪಸ್ ಕೊಡ್ತೀಯ ಅಂದ್ಕೊಂಡಿದ್ದೆ."

"ಕೊಡ್ಬೇಕು ಅಂತಾನೇ ಇದ್ದೆ... ಆಗ್ಲಿಲ್ಲ."

"ಅವತ್ತು ನಾನು ಅಂದಿದ್ದು ಇನ್ನೂ ಮನಸ್ಸಲ್ಲಿದೆಯಾ? ಬೇಕಾದ್ರೆ ಬಳಗದೋರ ಮುಂದೆ ಕ್ಷಮೆ ಕೇಳ್ತೀನಿ. ಕೆನ್ನೆಗೆ ಎರಡು ಬಾರಿಸು. ಆದ್ರೆ ಕಾರಣ ಕೇಳಬೇಡ ಅನ್ಬೇಡ ಮರ್ಜಾನ್... ಅದೊಂದು ತಡ್ಕೊಳ್ಳೋಕಾಗಲ್ಲ!"

ಮರ್ಜಾನ್‌ಗೆ ಇನ್ನು ಹೊರುವ ಶಕ್ತಿ ಇರಲಿಲ್ಲ. ಎದುರಿನ ಸ್ಟೂಲಿನ ಮೇಲೆ ಕುಸಿದಳು.

"ನೀನು ಅಂದಿದ್ದು ನಿಜ, ದೌರೆನ್. ವಾಲಿರೋದು ಪೆಟ್ಟಿಗೆ ಅಲ್ಲ. ನಾನೇ. ನನ್ನ ಬಲಗಿವಿ ಹೋಗ್ತಾ ಇದೆ. ನೀನು ಕೊಟ್ಟ ಪೆಟ್ಟಿಗೇಲೂ ದಿನಾ ಎಡಕ್ಕೇ ಕೇಳುತ್ತೆ. ಚೆನ್ನಾಗಿದೆ ಅಂತ ಸುಳ್ಳು ಹೇಳಿದೆ. ನಿಮ್ಮಮ್ಮನ ಓಲೆ ಈ ಕಿವಿಗಲ್ಲ..."

ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತುಕೊಂಡು ತನ್ನ ಪಕ್ಕ ನಡೆದಳೇ! ಕೈ ಹಿಡಿಯಲು ಮುಂದೆ ಬಾಗಿದ ದೌರೆನ್‌ನ ಕಣ್ಣು ಪೆಟ್ಟಿಗೆಯ ನಾಬಿನ ಮೇಲೆ ನಿಂತಿತು.

ಅದು ಸೊನ್ನೆಯಿಂದ ಒಂದಿಷ್ಟೇ ಮೇಲಿತ್ತು.

"ಇದ್ಯಾಕೆ ಇಷ್ಟು ಕೆಳಗಿದೆ?"

"ಯಾವಾಗ್ಲೂ ಅಷ್ಟೇ ಇಡೋದು. ನನ್ನ ಇಯರ್‌ಫೋನಿಗೆ ಅಷ್ಟರಲ್ಲೇ ಕೇಳುತ್ತೆ."

"ಕೇಳುತ್ತೆ ನಿಜ, ಆದ್ರೂ ತೀರಾ ಕಡಿಮೆ ಆಯ್ತಲ್ಲ! ಇನ್ನೂ ಸ್ವಲ್ಪ ಏರಿಸಬಾರದಾ?"

"ಏರಿಸಿದ್ರೆ ಆಜೆ ಕರೆದಿದ್ದು ಕೇಳಲ್ಲ." ಇದರಲ್ಲೇನು ವಿಶೇಷ ಅನ್ನುವಂತೆ ಅಂದಳು. "ಇದಕ್ಕೆ ಹೊರಗಿನ ಮಾತೂ ಬರಲಿ ಅಂತ ತೂತು ಬಿಟ್ಟಿದಾರೆ. ಹಾಡು ಮೆಲ್ಲಗಿದ್ರೆ ಅವರ ದನೀನೂ ಬರುತ್ತೆ."

ದೌರೆನ್ ಧಡಕ್ಕನೆ ಎದ್ದ. ಜೇಬು ತಡಕಾಡಿ ತನ್ನ ಫೋನಿನ ಸಾದಾ ಇಯರ್‌ಫೋನ್ ಎಳೆದ, ಪೆಟ್ಟಿಗೆಗೆ ಸಿಕ್ಕಿಸಿದ. ನಾಬನ್ನು ಮುಟ್ಟಲಿಲ್ಲ. ಹಾಡು ಶುರುವಾಯಿತು. ಅವನ ಮುಖ ನೋಡನೋಡುತ್ತ ಬದಲಾಯಿತು.

"ಅಯ್ಯೋ ದೇವರೇ..."

"ಏನಾಯ್ತು?"

"ವಾಲ್ತಾ ಇದೆ ಮರ್ಜಾನ್! ನನಗೂ ಎಡಕ್ಕೇ ವಾಲ್ತಾ ಇದೆ!"

ಅವಳಿಗೆ ಅರ್ಥವಾಗಲಿಲ್ಲ. ಅವನು ಇಯರ್‌ಫೋನನ್ನು ಅವಳ ಕೈಗಿಟ್ಟ. "ಇದು ಅಚ್ಚು ತೆಗೆಸಿದ್ದಲ್ಲ, ಯಾವುದು ಯಾವ ಕಿವಿಗೆ ಬೇಕಾದ್ರೂ ಹೋಗುತ್ತೆ. ಬಲದ್ದನ್ನ ಎಡಕ್ಕೆ ಹಾಕ್ಕೋ, ಎಡದ್ದನ್ನ ಬಲಕ್ಕೆ. ಕಿವಿ ಕೆಟ್ಟಿದ್ರೆ ಆಗ್ಲೂ ಎಡಕ್ಕೇ ಕೇಳ್ಬೇಕು. ಹಾಕ್ಕೋ ಅಂದ್ನಲ್ಲ!"

ಅವನು ಹೇಳಿದಂತೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಹಾಡುವವಳು ಉಸಿರೆಳೆದುಕೊಂಡಳು... ಆ ಉಸಿರು ಮರ್ಜಾನ್‌ನ ಬಲಗಿವಿಯ ಹತ್ತಿರವೇ ಕೇಳಿಸಿತು. ಸ್ಪಷ್ಟವಾಗಿ, ಜೀವಂತವಾಗಿ, ಬಲಕ್ಕೆ!

"ಬಲಕ್ಕೆ ಹೋಯ್ತು..." ಅಂದಳು. "ದೌರೆನ್, ಬಲಕ್ಕೆ ಹೋಯ್ತು!"

"ನಿನ್ನ ಕಿವಿ ಗುಂಡುಕಲ್ಲಿನ ಹಾಗಿದೆ. ಕೆಟ್ಟಿದ್ದು ನನ್ನ ನಾಬು! ಅಗ್ಗದ ನಾಬಿನ ಹಣೆಬರಹ ಇದು. ಶುರುವಿನ ಆ ಒಂದಿಷ್ಟು ಜಾಗದಲ್ಲಿ ಎಡ ಬಲದ ದನಿ ಒಟ್ಟಿಗೆ ಏಳಲ್ಲ. ಮೇಲೆ ಹೋದ್ರೆ ಸರಿಹೋಗುತ್ತೆ. ನನಗಿದು ಗೊತ್ತಿತ್ತು ಕಣೇ! ಅಷ್ಟು ಮೆಲ್ಲಗೆ ಯಾರು ಕೇಳ್ತಾರೆ ಅಂತ ಬಿಟ್ಟಿದ್ದೆ. ಬಳಗದಲ್ಲಿ ನಾವೆಲ್ಲ ಭಾರದ ಹೆಡ್‌ಫೋನ್ ಹಾಕ್ಕೊಂಡು ಜೋರಾಗಿ ಕೇಳೋರು. ನೀನು ಹೇಗೆ ಕೇಳ್ತೀಯ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

ಮರ್ಜಾನ್ ಅತ್ತಳು. ಇಷ್ಟು ತಿಂಗಳು ಅಳಲಾರದೆ ಉಳಿದಿದ್ದೆಲ್ಲ ಒಟ್ಟಿಗೆ ಬಂತು. ಮೇಜಿಗೆ ತಲೆಯಾನಿಸಿ, ಮಗುವಿನ ಹಾಗೆ ಬಿಕ್ಕಿದಳು. ಸುಸ್ತಾದ ಜೀವ ಹಾಗೆಯೇ, ಎಲ್ಲಿ ಏನು ಕೆಟ್ಟರೂ ತನ್ನಲ್ಲೇ ಏನೋ ಕೆಟ್ಟಿದೆ ಅಂದುಕೊಳ್ಳುತ್ತದೆ.

ದೌರೆನ್ ಅವಳ ತಲೆಯ ಮೇಲೆ ಕೈಯಿಟ್ಟ. "ಒಂದು ಮಾತು ಹೇಳ್ಲಾ? ಕಿವಿ ನಿಜವಾಗ್ಲೂ ಹೋಗಿದ್ರೂ ಅಮ್ಮನ್ನ ಕರ್ಕೊಂಡೇ ಬರ್ತಿದ್ದೆ. ಓಲೆ ನೇತಾಕೋಕೆ ಕಿವಿ ಕೇಳಿಸಲೇಬೇಕು ಅಂತೇನಿಲ್ಲ."

"ಹಾಗಂತ ಅವತ್ತೇ ಹೇಳಬಾರದಿತ್ತಾ, ಕತ್ತೆ!"

"ನೀನು ಕಾರಣ ಕೇಳಬೇಡ ಅಂದಿದ್ದೆ, ಕತ್ತೆ!"

ಅಳುವಿನ ನಡುವೆಯೇ ನಗು ಬಂತು. ಆಗಲೇ ಒಳಗಿನಿಂದ ಅಜ್ಜಿಯ ಸಣ್ಣ ಕೂಗು.

"ಮರ್ಜಾನ್..."

ಅವಳು ಕಣ್ಣೊರೆಸಿಕೊಂಡು ಏಳಹೋದಳು. ಎಷ್ಟು ವರ್ಷದ ಅಭ್ಯಾಸ ಅದು! ಕಾಲು ತಾನಾಗಿ ಏಳುತ್ತದೆ. ದೌರೆನ್ ಅವಳ ಭುಜ ಹಿಡಿದು ಮೆಲ್ಲಗೆ ಕೂರಿಸಿದ.

"ನೀನು ಕೂತಿರು. ನಾನು ಹೋಗ್ತೀನಿ."

"ನಿನಗೆ ಗೊತ್ತಾಗಲ್ಲ. ಅವರಿಗೆ ಏನು ಬೇಕೋ..."

"ಅವರಿಗೆ ಬಾಯಿದೆ, ಹೇಳ್ತಾರೆ. ನನಗೆ ಕಿವಿಯಿದೆ, ಕೇಳಿಸ್ಕೋತೀನಿ. ನೀನು ಹಾಡು ಕೇಳು. ನಾಬು ತಿರುಗಿಸು."

ಅವನು ಒಳಗೆ ಹೋದ. ಮರ್ಜಾನ್ ತನ್ನ ಇಯರ್‌ಫೋನನ್ನು ಪೆಟ್ಟಿಗೆಗೆ ಸಿಕ್ಕಿಸಿ ಕಿವಿಗೆ ಹಾಕಿಕೊಂಡು, ಹೆದರುತ್ತಲೇ ನಾಬನ್ನು ಮೇಲಕ್ಕೆ ತಿರುಗಿಸಿದಳು. ಇನ್ನೂ ಸ್ವಲ್ಪ. ಅಜ್ಜಿಯ ದನಿ ಮರೆಯಾಯಿತು. ಮನೆ ಮರೆಯಾಯಿತು. ಎಡಕ್ಕೆ ಸರಿದು ನಿಂತಿದ್ದ ಹಾಡುಗಾರ್ತಿ ಮೆಲ್ಲಮೆಲ್ಲಗೆ ನಡೆದು ಬಂದು ನಟ್ಟ ನಡುವೆ ನಿಂತಳು.

ಹಾಡು ಪೂರ್ತಿ ಕೇಳಿದಳು, ಯಾರ ಕರೆಗೂ ಕಾಯದೆ. ಅಂಥದ್ದು ಎಷ್ಟು ಕಾಲವಾಗಿತ್ತೋ ಅವಳಿಗೇ ನೆನಪಿಲ್ಲ.

ಕಣ್ಣು ತೆರೆದಾಗ ದೌರೆನ್ ಬಾಗಿಲಿಗೆ ಒರಗಿ, ಕೈಯಲ್ಲಿ ಖಾಲಿ ಬಟ್ಟಲು ಹಿಡಿದು ನಿಂತಿದ್ದ.

"ಏನಂತೆ ಆಜೆಗೆ?" ಇಯರ್‌ಫೋನ್ ತೆಗೆದು ಕೇಳಿದಳು.

"ಚಹಾಗೆ ಹಾಲು ಸಾಲದಂತೆ. ಹಾಲು ಹಾಕೋದೂ ಬರದ ಅಳಿಯ ಯಾಕೆ ಬೇಕು ಅಂದ್ರು."

"ನೀನೇನಂದೆ?"

"ಕಲಿಸಿಕೊಡಿ ಅಂದೆ. ದಿನಾ ಬಾ ಅಂದ್ರು." ಅವನು ಬಟ್ಟಲನ್ನು ಕೆಳಗಿಟ್ಟ. "ಬರ್ಲಾ?"

ಮರ್ಜಾನ್ ಖಾಲಿ ಬಟ್ಟಲನ್ನು ತನ್ನತ್ತ ಎಳೆದುಕೊಂಡಳು.

"ಮೊದಲನೇ ದಿನ ಅಮ್ಮನ್ನೂ ಕರ್ಕೊಂಡು ಬಾ," ಅಂದಳು.